ಚಿಕ್ಕ ಮನೆ, ತುಂಬಿದ ಸಜ್ಜೆ: ಸಾಮಾನು ಕಡಿಮೆ ಮಾಡೋದು ಎಲ್ಲಿಂದ?

ಎರಡು ಬೆಡ್‌ರೂಮಿನ ಫ್ಲಾಟು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಮಾವ. ಸಾಮಾನು ಹೊರಗೆ ಹಾಕೋಣ ಅಂದರೆ ಜಗಳ, ಇಟ್ಟುಕೊಂಡರೆ ಓಡಾಡಲು ಜಾಗವಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ನಮ್ಮದೂ ಅಷ್ಟೇ ಮನೆ, ಅಷ್ಟೇ ಜನ. ನಮ್ಮಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಯೂಟ್ಯೂಬ್‌ನಲ್ಲಿ ಖಾಲಿ ಖಾಲಿ ಮನೆ ತೋರಿಸುವವರ ಸಲಹೆ ನಮ್ಮಂಥ ಮನೆಗಳಿಗೆ ಹೊಂದುವುದಿಲ್ಲ. ಅವರು ಕೊಂಡದ್ದನ್ನು ಅವರು ತೆಗೆದುಹಾಕುತ್ತಾರೆ, ಕೇಳುವವರಿಲ್ಲ. ನಿಮ್ಮ ಸಜ್ಜೆಯ ಮೇಲಿರುವುದನ್ನು ಒಮ್ಮೆ ನೋಡಿ, ಅದರಲ್ಲಿ ಬಹುಪಾಲು ನೀವು ಕೊಂಡದ್ದೇ ಆಗಿರುವುದಿಲ್ಲ. ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ, ಹೆಸರು ತಾರೀಖು ಕೆತ್ತಿಸಿದ ಸ್ಟೀಲ್ ತಟ್ಟೆ. ಉಪನಯನದ ಡಬ್ಬಿ. ಗೌರಿ ಬಾಗಿನದ ಮೊರ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಸಿಕ್ಕ ಬ್ಲೌಸ್ ಪೀಸು. ಯಾರೂ ಹೊಲಿಸುವುದಿಲ್ಲ, ಮುಂದಿನವರಿಗೆ ದಾಟಿಸಲೆಂದೇ ಮಡಿಸಿಟ್ಟಿರುತ್ತೇವೆ. (ನಾನು ಕೊಟ್ಟ ಹಸಿರು ಪೀಸು ಊರೆಲ್ಲ ಸುತ್ತಿ ನನ್ನ ಮಡಿಲಿಗೇ ಬಂದದ್ದುಂಟು.) ಇವೆಲ್ಲ ಮುಯ್ಯಿಯ ಸಾಮಾನು. ಒಂದೊಂದರ ಹಿಂದೆ ಒಬ್ಬೊಬ್ಬ ನೆಂಟರಿದ್ದಾರೆ. ತೆಗೆದು ಹಾಕಿದರೆ ಅವರನ್ನೇ ಹೊರಗೆ ಹಾಕಿದಂತೆ ಹಿರಿಯರಿಗೆ ಅನ್ನಿಸುತ್ತದೆ. ಜಗಳ ಹುಟ್ಟುವುದು ಅಲ್ಲಿ.

ಆದ್ದರಿಂದ ನನ್ನ ಮೊದಲ ಸಲಹೆ, ನಿಮ್ಮದಲ್ಲದ್ದಕ್ಕೆ ಕೈ ಹಾಕಬೇಡಿ. ನಿಮ್ಮ ಸೀರೆ, ನಿಮ್ಮ ಬ್ಯಾಗು, ನೀವೇ ಆನ್‌ಲೈನ್‌ನಲ್ಲಿ ತರಿಸಿದ ಅಡುಗೆಮನೆ ಯಂತ್ರಗಳು, ಅಷ್ಟರಲ್ಲೇ ಬೇಕಾದಷ್ಟು ಕೆಲಸವಿರುತ್ತದೆ. ಅತ್ತೆಯವರ ಹಿತ್ತಾಳೆ ಪಾತ್ರೆಗೆ ಅವರು ಊರಿಗೆ ಹೋದಾಗ ಗತಿ ಕಾಣಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಹಿರಿಯರು ‘ಇರಲಿ’ ಅನ್ನುವುದಕ್ಕೆ ಕಾರಣವಿರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಬೇಕು. ನಮ್ಮ ಅತ್ತೆ ಕೊಳದಪ್ಪಲೆ, ಬಕೆಟ್ಟು, ಸೌಟು, ಪಂಕ್ತಿಗಾಗುವಷ್ಟು ತಟ್ಟೆ ಲೋಟ ಇಟ್ಟುಕೊಂಡಿದ್ದರು. ಕೇಳಿದರೆ, “ನಾಲ್ಕು ಜನ ಬಂದ್ರೆ ಏನ್ ಮಾಡ್ತೀಯಮ್ಮ? ಪ್ಲಾಸ್ಟಿಕ್ ತಟ್ಟೇಲಿ ಹಾಕ್ತೀಯಾ?” ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿನಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. ಅದಮ್ಯ ಚೇತನ ಎಂಬ ಸೇವಾಸಂಸ್ಥೆಯವರು ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತಾರೆ, ಮುಗಿದ ಮೇಲೆ ಹಿಂದಿರುಗಿಸಬೇಕು. ಕೆಲವು ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳೇ ಇಂಥದ್ದನ್ನು ಮಾಡಿಕೊಂಡಿದ್ದಾರೆ. ಒಂದು ಸತ್ಯನಾರಾಯಣ ಪೂಜೆಗೆ ನಾವೂ ಹೀಗೆ ತಟ್ಟೆ ತಂದೆವು. ಬಂದವು, ಊಟವಾಯಿತು, ಹೋದವು. ಅದಾದ ಮೇಲೆ ಅತ್ತೆಯೇ, “ಆ ದೊಡ್ಡ ಪಾತ್ರೆಗಳನ್ನ ದೇವಸ್ಥಾನಕ್ಕೆ ಕೊಟ್ಟುಬಿಡೋಣ್ವಾ?” ಅಂದರು. ಅವರಿಗೆ ಪಾತ್ರೆಯ ಮೇಲೆ ಮೋಹವಿರಲಿಲ್ಲ, ಬಂದವರ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅಳುಕಿತ್ತು.

ದಸರಾ ಗೊಂಬೆಗಳ ಸುದ್ದಿಗೆ ನಾನು ಹೋಗುವುದಿಲ್ಲ, ನೀವೂ ಹೋಗಬೇಡಿ. ತವರಿನಿಂದ ಬಂದ ಪಟ್ಟದ ಗೊಂಬೆ ಯಾವ ಲೆಕ್ಕಕ್ಕೂ ಸಿಗದು. ಅರ್ಧ ಸಜ್ಜೆ ಅದಕ್ಕೆ ಹೋದರೆ ಹೋಗಲಿ.

ಇನ್ನು ಎಷ್ಟು ಇರಬೇಕು ಎನ್ನುವುದು. ನಮ್ಮ ಎದುರು ಮನೆಯಲ್ಲಿ ಜೈನ ಅಜ್ಜಿಯೊಬ್ಬರಿದ್ದಾರೆ. ಮುನಿಗಳಿಗೆ ಪೂರ್ಣ ಅಪರಿಗ್ರಹ, ಅಂದರೆ ಏನನ್ನೂ ತಮ್ಮದೆಂದು ಇಟ್ಟುಕೊಳ್ಳದಿರುವುದು, ಗೃಹಸ್ಥರಿಗೆ ಮಾತ್ರ ‘ಪರಿಗ್ರಹ ಪರಿಮಾಣ’ ಎಂದು ಅವರಿಂದ ತಿಳಿಯಿತು. ಗೃಹಸ್ಥರು ಪಾಲಿಸುವ ಐದು ಅಣುವ್ರತಗಳಲ್ಲಿ (ಚಿಕ್ಕ ವ್ರತಗಳಲ್ಲಿ) ಅದು ಕೊನೆಯದು. ಹೊಲ, ಮನೆ, ಬೆಳ್ಳಿ, ಬಂಗಾರ, ದವಸಧಾನ್ಯದಿಂದ ಹಿಡಿದು ಬಟ್ಟೆ ಪಾತ್ರೆಯವರೆಗೆ, ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ತಮಗೆ ತಾವೇ ಮೊದಲೇ ಮಿತಿ ಹಾಕಿಕೊಳ್ಳುವುದು. ಸಂಸಾರ ಬಿಡಬೇಕಿಲ್ಲ, ಮಿತಿ ಮೊದಲೇ ಗೊತ್ತಿರಬೇಕು. ನನಗಿದು ತುಂಬ ಹಿಡಿಸಿತು, ಏಕೆಂದರೆ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಬೇಕಾ ಬೇಡವಾ ಎಂದು ಧ್ಯಾನ ಮಾಡುವ ಪುರುಸೊತ್ತು ಯಾರಿಗಿದೆ? ನಮ್ಮ ಮನೆಯಲ್ಲಿ ಮಿತಿ ಅಂದರೆ ಜಾಗ. ಒಬ್ಬೊಬ್ಬರಿಗೆ ಇಂತಿಷ್ಟು ಕಪಾಟು, ಮಕ್ಕಳ ಆಟಿಕೆಗೆ ಮಂಚದ ಕೆಳಗಿನ ಎರಡು ಪೆಟ್ಟಿಗೆ. ತುಂಬಿದ ಮೇಲೆ ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು, ಯಾವುದು ಎಂದು ಮಕ್ಕಳೇ ಹೇಳಬೇಕು. ಚಿಕ್ಕವಳು ಮೊದಮೊದಲು ಅಕ್ಕನ ಆಟಿಕೆಯನ್ನೇ ಆರಿಸುತ್ತಿದ್ದಳು, ಅದು ಬೇರೆ ವಿಷಯ.

ಒಳಗೆ ಬರುವ ದಾರಿ ಮುಚ್ಚದಿದ್ದರೆ ಎಷ್ಟು ತೆಗೆದರೂ ವ್ಯರ್ಥ. ‘ನಮಗೇನೂ ಕೊಡಬೇಡಿ’ ಎಂದು ನೆಂಟರಿಗೆ ಹೇಳಿದರೆ ಜಂಬ ಅನ್ನುತ್ತಾರೆ. ಕೊಡುವುದನ್ನು ನೀವು ಮೊದಲು ಬದಲಾಯಿಸಿ. ನಾವೀಗ ಯಾವ ಸಮಾರಂಭಕ್ಕೂ ಪಾತ್ರೆ, ಷೋಪೀಸು, ಪ್ಲಾಸ್ಟಿಕ್ ಡಬ್ಬ ಕೊಡುವುದಿಲ್ಲ. ಎಲೆ ಅಡಿಕೆ, ಹಣ್ಣು, ಕೊಬ್ಬರಿ ಮಿಠಾಯಿ, ಮನೆಯಲ್ಲೇ ಮಾಡಿದ ಹುರಿಗಾಳು, ತಿಂದು ಮುಗಿಯುವಂಥದ್ದು. ಮುಯ್ಯಿಗೆ ಮುಯ್ಯಿ ತಾನೆ, ನಿಧಾನಕ್ಕೆ ಆ ಕಡೆಯಿಂದಲೂ ಚಕ್ಕುಲಿ ಬರಲು ಶುರುವಾಯಿತು.

ಎಲ್ಲಿಗೆ ಕಳಿಸಬೇಕು ಎನ್ನುವುದು ಮೊದಲೇ ಗೊತ್ತಿರದಿದ್ದರೆ ಮೂಟೆಗಳು ಬಾಲ್ಕನಿಯಲ್ಲೇ ಕೂರುತ್ತವೆ. ಗಟ್ಟಿಯಿರುವ, ಒಗೆದ ಬಟ್ಟೆಯನ್ನು ಗೂಂಜ್‌ನಂಥ ಸಂಸ್ಥೆಗೆ ಕೊಡಬಹುದು, 1999ರಿಂದ ಈ ಕೆಲಸದಲ್ಲಿದ್ದಾರೆ. ಮೆತ್ತಗಾದ ಹತ್ತಿ ಸೀರೆಗಳನ್ನು ನಾನು ಧಾರವಾಡದ ಓರಗಿತ್ತಿಯ ಕೈಗೆ ಕೊಡುತ್ತೇನೆ, ಅಲ್ಲಿ ಕೌದಿ ಹೊಲಿಯುವವರಿದ್ದಾರೆ. ಮಗ್ಗಲು ಹರಿದ ಸೀರೆ ಹೊದಿಕೆಯಾಗಿ ವಾಪಸು ಬಂದರೆ ಅತ್ತೆಗೂ ಸಮಾಧಾನ. ರೇಷ್ಮೆ ಸೀರೆ ವಿಷಯದಲ್ಲಿ ಮಾತ್ರ ಎಚ್ಚರ. ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಬಾಗಿಲಿಗೆ ಬಂದಾಗ ಆತುರದಲ್ಲಿ ಜರಿ ಸೀರೆ ಎತ್ತಿಕೊಡಬೇಡಿ. ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ರೇಷ್ಮೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿಯೇ ಇರುತ್ತದೆ, ಚಿನ್ನದ ಅಂಶವೂ ಇರುತ್ತದೆ. ಹಳೇ ಜರಿ ಕೊಳ್ಳುವ ಅಂಗಡಿಗಳಿವೆ, ಎರಡು ಕಡೆ ವಿಚಾರಿಸಿ. ಮಕ್ಕಳ ಹಳೇ ಪಠ್ಯಪುಸ್ತಕ ಅವೆನ್ಯೂ ರಸ್ತೆಯಲ್ಲಿ ಹೋಗುತ್ತವೆ. ಪಕ್ಕದ ಮನೆ ಹುಡುಗನಿಗೆ ಕೊಟ್ಟರೆ ಇನ್ನೂ ಸುಲಭ.

ನಮ್ಮ ಮನೆಯವರ ಖಜಾನೆ ಅಂದರೆ ವೈರು, ಚಾರ್ಜರು, ಕೆಟ್ಟ ಮೊಬೈಲು. ಇವನ್ನು ಗುಜರಿಯವನಿಗೆ ಹಾಕಬೇಡಿ. ಹಳೇ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸವಿರುತ್ತದೆ, ಟ್ಯೂಬ್‌ಲೈಟಿನಲ್ಲಿ ಪಾದರಸ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ತಲುಪಿಸಿ.

ಕಾಗದಗಳಲ್ಲಿ ಡಿಎಲ್, ಆರ್‌ಸಿ ಥರದವು 2015ರಲ್ಲಿ ಬಂದ ಕೇಂದ್ರ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಸಿಗುತ್ತವೆ, ಜೆರಾಕ್ಸ್ ಕಂತೆಗಳನ್ನು ನಿಶ್ಚಿಂತೆಯಿಂದ ಹರಿದುಹಾಕಿ. ಮನೆಯ ಕ್ರಯಪತ್ರ, ಮದರ್ ಡೀಡ್, ಖಾತೆ ಇವುಗಳ ಮೂಲಪ್ರತಿಯನ್ನು ಮಾತ್ರ ಮನೆ ಅಚ್ಚುಕಟ್ಟು ಮಾಡುವ ಹುರುಪಿನಲ್ಲಿ ಮುಟ್ಟಲೇಬೇಡಿ.

ನವರಾತ್ರಿಗೆ ಗೊಂಬೆ ಇಳಿಸಲು ಹೇಗೂ ಏಣಿ ಬರುತ್ತದೆ, ಅವತ್ತೇ ಸಜ್ಜೆಯ ಉಳಿದದ್ದನ್ನೂ ಇಳಿಸಿ. ಅತ್ತೆಯವರನ್ನು ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಒಂದೊಂದನ್ನೇ ಅವರ ಕೈಗೆ ಕೊಟ್ಟು ಕೇಳಿ. ಯಾರು ಕೊಟ್ಟದ್ದು, ಯಾವ ಮದುವೆಯಲ್ಲಿ, ಆ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು, ಎಲ್ಲ ಬರುತ್ತದೆ. ಹೊತ್ತು ಹಿಡಿಯುತ್ತದೆ, ಹಾಗಾಗಿ ಅಡುಗೆ ಬೆಳಗ್ಗೆಯೇ ಮುಗಿಸಿಟ್ಟುಕೊಳ್ಳಿ.