ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಒಣಗಿಸಿ ಹಸುವಿಗೆ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ ಅಷ್ಟೇ. ಅದು ಆಗಲೇ ಬಿಟ್ಟಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಕಾಳಿನಲ್ಲೇ ಉಳಿಯುತ್ತದೆ. ಬೇಯಿಸಿದರೂ ಹೋಗದು. ಹಸಿರು-ಹಳದಿ ಪುಡಿ ಒರೆಸಿ ತೆಗೆದರೂ ಹೋಗದು.

ಹಸುವಿನ ಯಕೃತ್ತಿನಲ್ಲಿ ಈ ವಿಷ ರೂಪ ಬದಲಿಸಿ, ಸುಮಾರು ಶೇ 1ರಿಂದ 3ರಷ್ಟು ಹಾಲಿಗೆ ಇಳಿಯುತ್ತದೆ. ಕಡಿಮೆ ಅನಿಸೀತು, ಲೆಕ್ಕ ಹಾಕಿ ನೋಡಿ. ಕಿಲೋಗೆ 50 ಮೈಕ್ರೋಗ್ರಾಂ ವಿಷವಿರುವ ಆಹಾರ ದಿನಕ್ಕೆ 4 ಕಿಲೋ ತಿಂದರೆ ಒಟ್ಟು 200. ಅದರಲ್ಲಿ ಶೇ 2 ಎಂದರೆ 4. ಹಸು 8 ಲೀಟರ್ ಕರೆದರೆ ಲೀಟರಿಗೆ 0.5 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಹಾಲಿಗೆ ಇಟ್ಟಿರುವ ಮಿತಿಯೇ ಹೆಚ್ಚುಕಡಿಮೆ ಅಷ್ಟು! ಹಾಲು ಕಾಯಿಸಿದರೂ ಅದು ಕರಗಿ ಹೋಗುವುದಿಲ್ಲ.

ದಾವಣಗೆರೆ ಸೀಮೆಯಲ್ಲಿ ತೊಂದರೆ ಶುರುವಾಗುವುದು ಕಣದಲ್ಲೇ: ಮಳೆಗೆ ಹೆದರಿ ಹಸಿ ಕಾಳಿನ ರಾಶಿಗೆ ತಾಡಪಾಲು ಮುಚ್ಚಿದರೆ ಒಳಗೆ ಬೆವರುತ್ತದೆ. ತೇವಾಂಶ ಶೇ 12-13ಕ್ಕೆ ಇಳಿದ ಮೇಲೆಯೇ ಚೀಲ ತುಂಬಿ. ಒಣ ಗಾಜಿನ ಬಾಟಲಿಗೆ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15 ದಾಟಿದೆ. ಚಳ್ಳಕೆರೆ ಕಡೆಯ ಶೇಂಗಾ ಹಿಂಡಿಯನ್ನೂ ಇಷ್ಟೇ ಜೋಪಾನ ಮಾಡಬೇಕು.

ಆಹಾರಕ್ಕೆ ಬೆರೆಸುವ ಬೆಂಟೋನೈಟ್ ಜೇಡಿ, ಕೊಳಕು ನೀರಿನಿಂದ ಬಣ್ಣ ಹೀರಿದ ಹಾಗೆ, ಹೊಟ್ಟೆಯಲ್ಲಿ ಅಫ್ಲಾಟಾಕ್ಸಿನನ್ನು ತನ್ನ ಪದರಗಳ ನಡುವೆ ಹಿಡಿದು ಸಗಣಿಯಲ್ಲಿ ಹೊರಹಾಕುತ್ತದೆ. ಉಳಿದ ಬೂಷ್ಟು ವಿಷಗಳ ಮೇಲೆ ಅದರ ಹಿಡಿತ ಕಡಿಮೆ. ಕೆರೆಯ ಜೇಡಿ ಮಾತ್ರ ಬೆರೆಸಬೇಡಿ, ಸೀಸದಂಥ ಲೋಹ ಇರಬಹುದು.

ಈಗಾಗಲೇ ತಿನ್ನಿಸಿದ್ದರೆ ಇವತ್ತೇ ನಿಲ್ಲಿಸಿ. ನಾಲ್ಕೈದು ದಿನದಲ್ಲಿ ಹಾಲಿನಲ್ಲಿರುವ ವಿಷ ಬಹುಮಟ್ಟಿಗೆ ಕಡಿಮೆಯಾಗುತ್ತದೆ.