ಎತ್ತು ಏರಿಗೆ, ಕೋಣ ನೀರಿಗೆ

ಪತ್ರದ ಸಾರ: ಫ್ರಾನ್ಸ್, ಜರ್ಮನಿ ಮತ್ತು ಸ್ಪೇನ್ ಕೂಡಿ ಕಟ್ಟಲು ಹೊರಟ ಹೊಸ ಯುದ್ಧವಿಮಾನ ಇಷ್ಟು ವರ್ಷಗಳಾದರೂ ನೆಲ ಬಿಟ್ಟು ಮೇಲೇಳಲಿಲ್ಲ. ಇದೇ ದೇಶಗಳು ಸೇರಿ ಏರ್‌ಬಸ್ ಪ್ರಯಾಣಿಕ ವಿಮಾನಗಳನ್ನು ಕಟ್ಟಿ ಜಗತ್ತಿಗೆಲ್ಲ ಮಾರಲಿಲ್ಲವೇ? ಈಗ ನೋಡಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿದೆ. ಇದು ಒಣಪ್ರತಿಷ್ಠೆಯಲ್ಲದೆ ಮತ್ತೇನು?
– ನಿವೃತ್ತ ಶಿಕ್ಷಕರು, ಶಿರಸಿ

ಮಾನ್ಯರೇ,

ನಿಮ್ಮ ಗಾದೆಯನ್ನೇ ಹಿಡಿದು ಉತ್ತರಿಸುತ್ತೇನೆ. ಅದನ್ನು ನಾವು ಜಗಳಗಂಟರ ಮೇಲೆ ಪ್ರಯೋಗಿಸುತ್ತೇವೆ. ಆದರೆ ಎತ್ತಿಗೆ ಏರಿಯೇ ಬೇಕು, ಕೋಣಕ್ಕೆ ನೀರೇ ಬೇಕು. ಎರಡೂ ತಮ್ಮ ಸ್ವಭಾವಕ್ಕೆ ತಕ್ಕಂತೆಯೇ ಎಳೆಯುತ್ತವೆ. ತಪ್ಪು ಅವುಗಳದಲ್ಲ, ಅವನ್ನು ಒಂದೇ ನೊಗಕ್ಕೆ ಹೂಡಿದವರದು. ಯುರೋಪಿನ ಈ ಯೋಜನೆಯನ್ನು ನಾನು ನೋಡುವುದು ಹೀಗೆ. ಆದ್ದರಿಂದ ‘ಒಣಪ್ರತಿಷ್ಠೆ’ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ.

2017ರ ಜುಲೈಯಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಮತ್ತು ಜರ್ಮನಿಯ ಚಾನ್ಸಲರ್ ಮರ್ಕೆಲ್ ಈ ಯೋಜನೆಯನ್ನು ಘೋಷಿಸಿದರು. 2019ರಲ್ಲಿ ಸ್ಪೇನ್ ಸೇರಿಕೊಂಡಿತು. ವಿಮಾನ ಸೇನೆಗೆ ಸೇರಬೇಕಾದದ್ದು 2040ರ ಸುಮಾರಿಗೆ. ಮೊದಲು ಜೊತೆಗಾರರು ನಿಶ್ಚಯವಾದರು. ಎಂತಹ ವಿಮಾನ ಬೇಕು ಎಂಬ ಚರ್ಚೆ ಆಮೇಲೆ ಬಂತು. ಎಲ್ಲ ತೊಡಕೂ ಇಲ್ಲಿಂದಲೇ ಹುಟ್ಟಿತು.

ಫ್ರಾನ್ಸಿಗೆ ಬೇಕಾದದ್ದು ಅಣ್ವಸ್ತ್ರ ಹೊರುವ, ಯುದ್ಧನೌಕೆಯ ಮೇಲಿಂದ ಹಾರುವ ವಿಮಾನ. ಅದರ ಬಳಿ ‘ಚಾರ್ಲ್ಸ್ ಡಿ ಗಾಲ್’ ಎಂಬ ವಿಮಾನವಾಹಕ ನೌಕೆ ಇದೆ, ಅದಕ್ಕಿಂತ ದೊಡ್ಡದನ್ನು ಕಟ್ಟಿಸಲು ಹೊರಟಿದೆ. ನೌಕೆಯ ಮೇಲಿಂದ ಹಾರುವುದೆಂದರೆ ಹೆಚ್ಚುವರಿ ಒಂದು ಸೌಲಭ್ಯವನ್ನು ಕೊನೆಗೆ ಜೋಡಿಸುವ ಕೆಲಸವಲ್ಲ. ಕೆಲವೇ ಸೆಕೆಂಡುಗಳಲ್ಲಿ ವಿಮಾನವನ್ನು ಕವಣೆಕಲ್ಲಿನಂತೆ ಎಸೆಯುವ ಯಂತ್ರದ ಸೆಳೆತವನ್ನು ಮೂಗಿನ ಚಕ್ರ ತಡೆಯಬೇಕು. ಇಳಿಯುವಾಗ ಬಾಲದ ಕೊಕ್ಕೆ ಉಕ್ಕಿನ ಹಗ್ಗಕ್ಕೆ ಸಿಕ್ಕಿಬಿದ್ದ ಕ್ಷಣದ ಹೊಡೆತವನ್ನು ಇಡೀ ಮೈ ತಾಳಬೇಕು. ಇಷ್ಟಾದರೂ ತೂಕ ಮಿತಿ ಮೀರಬಾರದು. ಅಸ್ಥಿಪಂಜರದ ಮೊದಲ ಗೆರೆ ಎಳೆಯುವಾಗಲೇ ಇವೆಲ್ಲ ತೀರ್ಮಾನವಾಗಿರಬೇಕು. ಜರ್ಮನಿಗೆ ವಿಮಾನವಾಹಕ ನೌಕೆಯೂ ಇಲ್ಲ, ಸ್ವಂತ ಅಣ್ವಸ್ತ್ರವೂ ಇಲ್ಲ. ಅಮೆರಿಕದ ಅಣುಬಾಂಬು ಹೊರುವ ಹೊಣೆಗಾಗಿ ಅದು 35 ಎಫ್-35 ವಿಮಾನಗಳನ್ನು ಕೊಳ್ಳಲು 2022ರಲ್ಲೇ ತೀರ್ಮಾನಿಸಿತು. ತನಗೆ ಬೇಡದ ಕೊಕ್ಕೆಯ ಭಾರವನ್ನು ತನ್ನ ತೆರಿಗೆದಾರರು ಏಕೆ ಹೊರಬೇಕು ಎಂದು ಬರ್ಲಿನ್ ಕೇಳಿದರೆ ಅದನ್ನು ಪ್ರತಿಷ್ಠೆ ಎನ್ನಲಾದೀತೇ?

ನೋವಿನ ಸಂಗತಿ ಎಂದರೆ, ಈ ಪಾಠ ಹೊಸದಲ್ಲ. 1983ರಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ ಮತ್ತು ಸ್ಪೇನ್ ಐದೂ ಕೂಡಿ ಒಂದು ವಿಮಾನ ಕಟ್ಟಲು ಕುಳಿತಿದ್ದವು. ಅಂದೂ ಫ್ರಾನ್ಸ್ ನೌಕೆಗೆ ಹೊಂದುವ ಹಗುರ ವಿಮಾನ ಕೇಳಿತು, ಮುಂದಾಳತ್ವವನ್ನೂ ಕೇಳಿತು. 1985ರ ಆಗಸ್ಟಿನಲ್ಲಿ ಟ್ಯೂರಿನ್‌ನಲ್ಲಿ ಮಾತು ಮುರಿದು ಫ್ರಾನ್ಸ್ ಹೊರನಡೆಯಿತು. ಅದರ ರಫೇಲ್‌ನ ಮೊದಲ ಮಾದರಿ 1986ರ ಜುಲೈ 4ರಂದು ಹಾರಿತು. ಉಳಿದ ನಾಲ್ವರ ಯೂರೋಫೈಟರ್ ಹಾರಿದ್ದು 1994ರ ಮಾರ್ಚ್ 27ರಂದು, ಜರ್ಮನಿಯ ಮಾಂಚಿಂಗ್‌ನಲ್ಲಿ.

ಆ ಯೂರೋಫೈಟರ್ ಕಟ್ಟುವ ಬಗೆಯನ್ನು ಸ್ವಲ್ಪ ನೋಡಿ. ಎಡ ರೆಕ್ಕೆ ಇಟಲಿಯಲ್ಲಿ, ಬಲ ರೆಕ್ಕೆ ಸ್ಪೇನಿನಲ್ಲಿ. ಮೂತಿಯ ಭಾಗ ಬ್ರಿಟನ್ನಿನಲ್ಲಿ, ನಡುಮೈ ಜರ್ಮನಿಯಲ್ಲಿ. ಕೊನೆಗೆ ಜೋಡಿಸುವ ಕಾರ್ಖಾನೆಗಳೂ ನಾಲ್ಕು ದೇಶಕ್ಕೆ ನಾಲ್ಕು. ಯಾವ ಇಂಜಿನಿಯರೂ ಇದನ್ನು ಬಯಸಿ ಮಾಡಿದ್ದಲ್ಲ. ಕೊಟ್ಟ ಹಣಕ್ಕೆ ತಕ್ಕಷ್ಟು ಕೆಲಸ ತನ್ನ ನೆಲದಲ್ಲೇ ಆಗಬೇಕೆಂದು ಪ್ರತಿ ಸಂಸತ್ತೂ ಕೇಳಿತು. ಎಷ್ಟು ವಿಮಾನ ಕೊಳ್ಳುತ್ತೀರೋ ಅಷ್ಟು ಪಾಲು ಎಂದು ಮೊದಲು ಬ್ರಿಟನ್, ಜರ್ಮನಿ ತಲಾ ಶೇ 33 ಇಟ್ಟುಕೊಂಡಿದ್ದವು. ಶೀತಲ ಸಮರ ಮುಗಿದ ಮೇಲೆ ಜರ್ಮನಿ 250ರ ಬೇಡಿಕೆಯನ್ನು 180ಕ್ಕೆ ಇಳಿಸಿತು, ಆದರೆ ಕೆಲಸದ ಪಾಲನ್ನು ಅದೇ ಪ್ರಮಾಣದಲ್ಲಿ ಬಿಟ್ಟುಕೊಡಲು ಒಪ್ಪಲಿಲ್ಲ. ಎಳೆದಾಟ ಶೇ 30ರ ಸುಮಾರಿಗೆ ನಿಂತಿತು. ಅಷ್ಟರಲ್ಲಿ ವರ್ಷಗಳು ಸೋರಿಹೋಗಿದ್ದವು.

ಏರ್‌ಬಸ್ ಬಗ್ಗೆ ನೀವು ಕೇಳಿದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಲ್ಲೂ ರೆಕ್ಕೆ ವೇಲ್ಸ್‌ನ ಬ್ರಾಟನ್‌ನಲ್ಲಿ ತಯಾರಾಗುತ್ತದೆ, ಜೋಡಣೆ ಟುಲೂಸ್‌ನಲ್ಲೋ ಹ್ಯಾಂಬರ್ಗ್‌ನಲ್ಲೋ ನಡೆಯುತ್ತದೆ. ಆದರೆ ಕೊಳ್ಳುವವರು ವಿಮಾನಯಾನ ಕಂಪನಿಗಳು. ಇಂಧನ ಕಡಿಮೆ ಸುಡಬೇಕು, ಸೀಟು ಹೆಚ್ಚಿರಬೇಕು ಎಂಬಷ್ಟರಲ್ಲಿ ಪ್ಯಾರಿಸ್ಸಿಗೂ ಬೆಂಗಳೂರಿಗೂ ಭೇದವಿಲ್ಲ. ಯುದ್ಧವಿಮಾನದ ಗಿರಾಕಿ ಸರ್ಕಾರ. ಅದು ಕೊಳ್ಳುವುದು ತನ್ನ ಭಯಕ್ಕೆ ತಕ್ಕ ಆಯುಧವನ್ನು. ಆ ಭಯ ದೇಶದಿಂದ ದೇಶಕ್ಕೆ ಬೇರೆ.

ಇನ್ನು ಕಂಪನಿಗಳ ಜಗಳ. ವಿಮಾನದ ಮುಂದಾಳತ್ವ ಫ್ರಾನ್ಸಿನ ಡಾಸೋ ಕಂಪನಿಯದೆಂದು ಒಪ್ಪಂದ. ಆದರೆ ಏರ್‌ಬಸ್ ಜರ್ಮನಿಯ ಪರವಾಗಿಯೂ ಸ್ಪೇನಿನ ಪರವಾಗಿಯೂ ಕುಳಿತಿದೆ. ಮೂರರಲ್ಲಿ ಎರಡು ಪಾಲು ಎದುರಿಗಿರುವಾಗ ತಾನು ಹೆಸರಿಗಷ್ಟೇ ಮುಂದಾಳು ಎಂಬುದು ಡಾಸೋ ಮುಖ್ಯಸ್ಥ ಎರಿಕ್ ಟ್ರಾಪಿಯೆ ಅವರ ದೂರು. ಇದರಲ್ಲಿ ಹುರುಳಿದೆ. ಇಂದಿನ ಯುದ್ಧವಿಮಾನವನ್ನು ಚುರುಕಾಗಿ ತಿರುಗಲೆಂದೇ ಅಸ್ಥಿರವಾಗಿ ರೂಪಿಸುತ್ತಾರೆ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಅದು ಗಾಳಿಯಲ್ಲಿ ನಿಲ್ಲುವುದೇ ಇಲ್ಲ. ಆ ತಿದ್ದುವ ಸೂತ್ರ ಡಾಸೋಗೆ ಮಿರಾಜ್ 2000ರಿಂದ ರಫೇಲ್‌ವರೆಗೆ ದಶಕಗಳಲ್ಲಿ ಒದಗಿದ ವಿದ್ಯೆ. ನಾಳೆ ಪ್ರತಿಸ್ಪರ್ಧಿಯಾಗಬಲ್ಲವನ ಮುಂದೆ ಆ ಹೊತ್ತಗೆಯನ್ನು ಬಿಚ್ಚಿಡು ಎಂದರೆ ಯಾರಾದರೂ ಅಳುಕಿಯಾರು. ಡಾಸೋ ಮುಂದಾಳತ್ವದಲ್ಲಿ ಆರು ದೇಶ ಸೇರಿ ಕಟ್ಟಿದ ‘ನ್ಯೂರಾನ್’ ಎಂಬ ಚಾಲಕರಹಿತ ವಿಮಾನ 2012ರಲ್ಲಿ ಹಾರಿತ್ತು ಎಂಬುದನ್ನೂ ಅದು ಎತ್ತಿ ತೋರಿಸುತ್ತದೆ.

ಆದರೂ ಜರ್ಮನಿಯ ಬೇಗುದಿ ನನಗೆ ಅರ್ಥವಾಗುತ್ತದೆ. ಡಾಸೋ ಶೇ 80ರಷ್ಟು ಕೆಲಸ ಕೇಳುತ್ತಿದೆ ಎಂಬ ಸುದ್ದಿ 2025ರಲ್ಲಿ ಹಬ್ಬಿದಾಗ ಅಲ್ಲಿ ಸಿಟ್ಟು ಎದ್ದದ್ದು ಸಹಜ. ಹಣದ ಪಾಲು ಕೊಟ್ಟು ಕೊನೆಗೆ ಬರೀ ಗಿರಾಕಿಯಾಗಿ ಉಳಿಯಲು ಯಾವ ಕೈಗಾರಿಕಾ ದೇಶ ಒಪ್ಪೀತು? ಕೂಡಿ ಕಟ್ಟಿದ ವಿಮಾನವನ್ನು ಬೇರೆ ದೇಶಕ್ಕೆ ಮಾರಹೊರಟರೆ ಜೊತೆಗಾರ ಅಡ್ಡಬಂದಾನು ಎಂಬ ಫ್ರಾನ್ಸಿನ ಅಂಜಿಕೆಯ ಕಡೆಗೆ ಮಾತ್ರ ನನ್ನ ಒಲವಿದೆ. ಸೌದಿ ಅರೇಬಿಯಾಕ್ಕೆ 48 ಯೂರೋಫೈಟರ್ ಮಾರಲು ಬ್ರಿಟನ್ ಹವಣಿಸುತ್ತಿದ್ದಾಗ, ಜೊತೆಗಾರ ಜರ್ಮನಿಯ ತಡೆಯಿಂದ ಅದು 2024ರ ಜನವರಿವರೆಗೆ ನೆನೆಗುದಿಗೆ ಬಿತ್ತು. ಜರ್ಮನಿಯ ನೈತಿಕ ಆಕ್ಷೇಪ ಸಣ್ಣದೆಂದು ನಾನು ಹೇಳುತ್ತಿಲ್ಲ. ಇಂತಹ ಭಿನ್ನಾಭಿಪ್ರಾಯಕ್ಕೆ ಮೊದಲೇ ದಾರಿ ಮಾಡಿಕೊಳ್ಳಬೇಕಿತ್ತು.

ಜಂಟಿ ಕೆಲಸ ಆಗುವುದೇ ಇಲ್ಲ ಎಂಬ ನಿರಾಸೆಗೆ ಬೀಳಬೇಡಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ ಜಾಗ್ವಾರ್, ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ್ದು. ಎರಡೂ ದೇಶ ತಲಾ 200 ಕೊಂಡವು, ಕೆಲಸ ಸರಿಪಾಲು. ಅದರಲ್ಲೂ ನೌಕೆಗೆಂದು ಮಾಡಿದ ಮಾದರಿ ಮಾತ್ರ ಮೂಲೆಗೆ ಸರಿದು, 1973ರಲ್ಲಿ ಡಾಸೋದ ಸ್ವಂತ ವಿಮಾನ ಆ ಜಾಗ ಹಿಡಿಯಿತು. ಐವತ್ತು ವರ್ಷ ಹಿಂದೆಯೂ ಎಡವಿದ ಕಲ್ಲು ಇದೇ! ಈಗ ಬ್ರಿಟನ್, ಇಟಲಿ ಮತ್ತು ಜಪಾನ್ 2022ರ ಡಿಸೆಂಬರಿನಿಂದ ಬೇರೊಂದು ವಿಮಾನದ ಕೆಲಸದಲ್ಲಿವೆ, ಗುರಿ 2035. ಅಲ್ಲಿ ಮೂರೂ ಕಡೆಗೆ ಸರಿಸಮ ಪಾಲು, ಆದರೂ ಇಷ್ಟು ಕಿತ್ತಾಟವಿಲ್ಲ. ಮೂವರಲ್ಲಿ ಯಾರೂ ಅದನ್ನು ನೌಕೆಯ ಮೇಲಿಂದ ಹಾರಿಸಲು ಕೇಳಿಲ್ಲ, ಅಣ್ವಸ್ತ್ರದ ಮಾತೂ ಇಲ್ಲ.

ನನ್ನ ಅನಿಸಿಕೆ ಕೇಳಿದರೆ, ಫ್ರಾನ್ಸ್ ಮತ್ತು ಜರ್ಮನಿ ಮೈ ಬೇರೆ ಬೇರೆ ಕಟ್ಟಿಕೊಂಡು, ಎಂಜಿನ್ನನ್ನೂ ವಿಮಾನ–ಡ್ರೋನ್‌ಗಳನ್ನು ಬೆಸೆಯುವ ಸಂಪರ್ಕ ಜಾಲವನ್ನೂ ಜೊತೆಯಾಗಿ ಮಾಡುವುದು ಮೇಲು. ಎಂಜಿನ್ನಿಗಾಗಿ ಫ್ರಾನ್ಸಿನ ಸಫ್ರಾನ್ ಮತ್ತು ಜರ್ಮನಿಯ ಎಂಟಿಯು ಆಗಲೇ ಜಂಟಿ ಕಂಪನಿ ಮಾಡಿಕೊಂಡಿವೆ. 2025ರ ಕೊನೆಯೊಳಗೆ ತೀರ್ಮಾನ ಎಂಬ ಗಡುವು ತೀರ್ಮಾನವಿಲ್ಲದೆ ಕಳೆದದ್ದು ನನ್ನನ್ನು ಕಾಡುವುದು ಹಣದ ಲೆಕ್ಕಕ್ಕಾಗಿ ಅಲ್ಲ. ಯುದ್ಧವಿಮಾನವನ್ನು ಬಿಳಿ ಹಾಳೆಯಿಂದ ರೂಪಿಸುವ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವಂಥದ್ದು. ಯುರೋಪಿನ ಆ ದೇಶಗಳು ಹಾಗೆ ರೂಪಿಸಿದ್ದು ಎಂಬತ್ತರ ದಶಕದಲ್ಲಿ. ರಫೇಲ್ ಮೊದಲು ಹಾರಿದ ದಿನ ಇಪ್ಪತ್ತೈದು ವರ್ಷದವನಾಗಿದ್ದ ಇಂಜಿನಿಯರ್ ಈಗ ಅರವತ್ತು ದಾಟಿದ್ದಾನೆ. ಅವನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕಾದ ಹುಡುಗರಿಗೆ ಇನ್ನೂ ಕೆಲಸ ಶುರುವಾಗಿಲ್ಲ.

– ಸಂಪಾದಕ