ಜಪಾನಿನ ಮದುವೆಯಲ್ಲಿ ಮುಯ್ಯಿ ಎಷ್ಟು ಹಾಕಬೇಕು?

ಟೋಕಿಯೋಗೆ ಬಂದು ನಾಲ್ಕೇ ತಿಂಗಳು, ಆಫೀಸಿನ ಗೆಳತಿ ಮದುವೆಗೆ ಕರೆದಿದ್ದಾಳೆ, ಏನು ಉಡುಗೊರೆ ಒಯ್ಯಲಿ, ಗಂಡ ಮಗುವನ್ನೂ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತು. ಇಲ್ಲಿ ಊರಿಗೆಲ್ಲ ಪತ್ರಿಕೆ ಹಂಚುವುದಿಲ್ಲ, ಬೇಕಾದವರನ್ನಷ್ಟೇ ಕರೆಯುತ್ತಾರೆ. ಪತ್ರಿಕೆಯಲ್ಲಿ ನಿಮ್ಮೊಬ್ಬರ ಹೆಸರಿದ್ದರೆ ನೀವೊಬ್ಬರೇ ಹೋಗಿ. ಕುರ್ಚಿ, ಊಟ, ಮೇಜಿನ ಮೇಲಿನ ಹೆಸರಿನ ಚೀಟಿ, ಎಲ್ಲವೂ ತಲೆ ಎಣಿಸಿಯೇ ಇಟ್ಟಿರುತ್ತಾರೆ.

ಉಡುಗೊರೆ ಬೇಡ, ದುಡ್ಡು ಹಾಕಿ. ನಮ್ಮ ಮುಯ್ಯಿ ಥರಾನೇ, ಗೋಶೂಗಿ ಅಂತಾರೆ. ಗೆಳೆಯರು, ಜೊತೆಯಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ 30,000 ಯೆನ್ ಹಾಕುತ್ತಾರೆ. ಜಾಸ್ತಿ ಅನ್ನಿಸುತ್ತೆ, ಆದರೆ ಅವರೂ ಒಳ್ಳೆ ಊಟ ಹಾಕಿ, ಹೊರಡುವಾಗ ಉಡುಗೊರೆ ಚೀಲ ಕೊಟ್ಟು ಕಳಿಸುತ್ತಾರೆ. ನಾವು ಒಂದು ರೂಪಾಯಿ ಸೇರಿಸಿ 501 ಮಾಡ್ತೀವಿ ಅಲ್ವಾ, ಇವರಿಗೂ ಬೆಸವೇ ಆಗಬೇಕು, ಜೋಡಿ ಎರಡು ಪಾಲಾಗಬಾರದು ಅಂತ. ಹಾಗಾಗಿ 10,000ದ ಮೂರು ನೋಟು. 40,000 ಮಾತ್ರ ಬೇಡವೇ ಬೇಡ, ನಾಲ್ಕಕ್ಕೆ 'ಶಿ' ಅಂತಲೂ ಅಂತಾರೆ, ಸಾವಿಗೂ ಅದೇ ಉಚ್ಚಾರ.

ನೋಟು ಗರಿಗರಿ ಹೊಸದಾಗಿರಬೇಕು. ಇದು ಗೊತ್ತಿಲ್ಲದೆ ನಾನು ಮೊದಲನೇ ಸಲ ಭಾನುವಾರ ಬೆಳಿಗ್ಗೆ ಎಟಿಎಂನಲ್ಲಿ ತೆಗೆದ ಮಡಚಿದ ನೋಟು ಹಾಕಿಕೊಂಡು ಹೋಗಿದ್ದೆ. ಆಫೀಸಿನ ಹಿರಿಯಾಕೆಯೊಬ್ಬರು ಬಾಗಿಲಲ್ಲೇ ನೋಡಿ, ಏನೂ ಅನ್ನದೆ ಹೋಟೆಲಿನ ಕೌಂಟರಿಗೆ ಕರ್ಕೊಂಡು ಹೋಗಿ ಬದಲಾಯಿಸಿ ಕೊಡಿಸಿದರು. ಹೊಸ ನೋಟು ಅಂದರೆ ಈ ದಿನಕ್ಕೆ ಮೊದಲೇ ತಯಾರಾಗಿದ್ದೆ ಅಂತ ಅರ್ಥ, ಸಾವಿನ ಮನೆಗೆ ಹಳೆ ನೋಟು ಕೊಡೋದು ಅಂತ ಆಮೇಲೆ ಹೇಳಿದರು. ಆ ಉಪಕಾರ ಇವತ್ತಿಗೂ ಮರೆತಿಲ್ಲ. ನೀವು ಮದುವೆಗೆ ಮೊದಲಿನ ಶುಕ್ರವಾರದೊಳಗೆ ಬ್ಯಾಂಕಿಗೆ ಹೋಗಿಬನ್ನಿ.

ಕವರು ಕನ್ವೀನಿಯನ್ಸ್ ಸ್ಟೋರಿನಲ್ಲೇ ಸಿಗುತ್ತೆ. ಮೇಲೆ ಕಟ್ಟಿರೋ ದಾರದ ಗಂಟು ನೋಡಿ ಕೊಳ್ಳಿ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಮಗು ಹುಟ್ಟಿದ್ದಕ್ಕೆ, ಮತ್ತೆ ಮತ್ತೆ ಬರಲಿ ಅನ್ನೋ ಸಂತೋಷಕ್ಕೆ. ಮದುವೆಗೆ ಬಿಚ್ಚಲಾಗದ ಗಂಟೇ ಆಗಬೇಕು. ಕವರಿನ ಹಿಂಭಾಗದಲ್ಲಿ ಕೆಳಗಿನ ಮಡಿಕೆ ಮೇಲಿನದರ ಮೇಲೆ ಬರಬೇಕು. ಕೊಡುವಾಗ ನಿಮ್ಮ ಹೆಸರು ಅವರಿಗೆ ಓದೋ ಹಾಗೆ ತಿರುಗಿಸಿ, ಎರಡೂ ಕೈಯಲ್ಲಿ ಕೊಡಿ.

ರೇಷ್ಮೆ ಸೀರೆ ಧಾರಾಳವಾಗಿ ಉಡಿ, ಬಿಳಿ ಮಾತ್ರ ಬೇಡ, ಅದು ಮದುಮಗಳ ಬಣ್ಣ. ಸಸ್ಯಾಹಾರಿಯಾದರೆ ಮೀನಿನ ಸಾರೂ ಆಗಲ್ಲ ಅಂತ ಈಗಲೇ ಬಿಡಿಸಿ ಹೇಳಿ. ಕರ್ಚೀಫು ಇರಲಿ. ಕೊನೆಗೆ ಮದುಮಗಳು ನಿಂತು ಅಪ್ಪ ಅಮ್ಮನಿಗೆ ಬರೆದ ಪತ್ರ ಓದುತ್ತಾಳೆ, ನಮ್ಮಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ಆಗುತ್ತಲ್ಲ, ಅದೇ ಸಂಕಟ. ಭಾಷೆ ಪೂರ್ತಿ ತಿಳಿಯದಿದ್ದರೂ ಕಣ್ಣು ತುಂಬುತ್ತೆ.

ಪತ್ರಿಕೆ ಜೊತೆ ಬಂದಿರೋ ಉತ್ತರದ ಕಾರ್ಡು ಈ ವಾರವೇ ಅಂಚೆಗೆ ಹಾಕಿಬಿಡಿ. ಅದರಲ್ಲಿ 'ಬರುತ್ತೇನೆ' ಅನ್ನೋ ಪದದ ಶುರುವಿನಲ್ಲಿ 'ಗೋ' ಅಂತ ಗೌರವದ ಅಕ್ಷರ ಇರುತ್ತೆ, ಅದನ್ನು ಎರಡು ಗೆರೆ ಎಳೆದು ಹೊಡೆಯಿರಿ. ಇಲ್ಲದಿದ್ದರೆ ನಮಗೆ ನಾವೇ ಬಹುವಚನ ಹಾಕಿಕೊಂಡ ಹಾಗಾಗುತ್ತೆ.